ಮೂರು ಸಲ ಮಡಚಿದ ಮೂಲೆ

ನನ್ನ ತಂಗಿಗೆ ಊರೆಲ್ಲ ಸೇರಿ ಇಟ್ಟ ಹೆಸರು ಚೀಟಿಯಮ್ಮ. ಇಪ್ಪತ್ತೆರಡು ವರ್ಷ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ರೋಗಿಗಳಿಗೆ ಚೀಟಿ ಬರೆದವಳು ಅವಳು. ಬೇರೆ ಯಾರಾದರೂ ಅವಳ ಬಗ್ಗೆ ಬರೆದರೆ ದೇವತೆ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ನಾನು ಅವಳ ಅಕ್ಕ. ಗಂಡ ತೀರಿಹೋದ ಮೇಲೆ ಅವಳ ಜೊತೆ ಒಂದೇ ಸೂರಿನಡಿ ಬದುಕಿದವಳು, ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೇ ಅರ್ಧ ಆಯಸ್ಸು ಸವೆಸಿದವಳು. ಹಾಗಾಗಿ ಅವಳ ಕಥೆ ಬರೆಯುವ ಯೋಗ್ಯತೆ ನನಗೇ ಹೆಚ್ಚು ಅಂದುಕೊಂಡಿದ್ದೇನೆ.

ಅವಳ ಕೆಲಸದ ಮೇಲಲ್ಲ ನನ್ನ ಹೊಟ್ಟೆಕಿಚ್ಚು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಾನೂ ದುಡಿಯುತ್ತೇನೆ. ನನಗೆ ಕಣ್ಣುರಿ ಇದ್ದದ್ದು ಅವಳ ಕಿವಿಯ ಮೇಲೆ. ಆ ಕಿವಿ ಊರಿನ ಸೊತ್ತಾಗಿತ್ತು.

ಕ್ಲಿನಿಕ್ಕು ಅಂದರೆ ಒಂದು ಹಜಾರ, ಒಳಗೆ ಎರಡು ಕೋಣೆ. ಹಜಾರದಲ್ಲಿ ನಾಲ್ಕು ಉದ್ದನೆಯ ಬೆಂಚು, ಮೂಲೆಯಲ್ಲಿ ತೂಕದ ಯಂತ್ರ, ಐದು ನಿಮಿಷ ಮುಂದೆ ಓಡುವ ಗಡಿಯಾರ. ಬಾಗಿಲ ಪಕ್ಕದಲ್ಲೇ ಕೌಂಟರು. ಅದಕ್ಕೊಂದು ಗಾಜು, ಗಾಜಿಗೊಂದು ಸಣ್ಣ ಕಿಂಡಿ. ಕಿಂಡಿ ಸಣ್ಣದಾದ್ದರಿಂದ ನನ್ನ ತಂಗಿ ಗಟ್ಟಿಯಾಗಿ ಕೇಳುತ್ತಿದ್ದಳು. ಅವಳ ಗಂಟಲೇನು ಮೊದಲೇ ಮೆತ್ತಗಿನದಲ್ಲ.

"ಏನಾಗಿದೆ? ಭೇದಿನಾ? ಎಷ್ಟು ಸಲ?"

ಕಿಂಡಿಯ ಮುಂದೆ ನಿಂತವನು ತಲೆ ತಗ್ಗಿಸಿ ನಾಲ್ಕು ಬೆರಳು ತೋರಿಸುತ್ತಿದ್ದ. ಬೆಂಚಿನ ಮೇಲಿದ್ದವರೆಲ್ಲ ಗೋಡೆ ನೋಡುತ್ತಾ ಕಿವಿ ಮಾತ್ರ ಇತ್ತ ಇಟ್ಟಿರುತ್ತಿದ್ದರು. ಆದರೂ ಜನಕ್ಕೆ ಅವಳೆಂದರೆ ಪ್ರಾಣ. ಏಕೆಂದರೆ ಅವಳು ಬರೀ ಚೀಟಿ ಬರೆಯುತ್ತಿರಲಿಲ್ಲ, ಚೀಟಿಯ ಮೂಲೆ ಮಡಚುತ್ತಿದ್ದಳು. ಅದು ಅವಳಿಗೂ ಡಾಕ್ಟರಿಗೂ, ಡಾಕ್ಟರ ಬಾಯಿಂದ ಕೇಳಿದ ನನಗೂ ಮಾತ್ರ ಗೊತ್ತಿದ್ದ ಲೆಕ್ಕ. ಬಲಗಡೆಯ ಮೂಲೆ ಒಂದು ಸಲ ಮಡಚಿದ್ದರೆ, ಇವರಿಗೆ ಕೂರಲು ಶಕ್ತಿಯಿಲ್ಲ, ಮೊದಲು ನೋಡಿ ಅಂತ. ಎರಡು ಸಲ ಮಡಚಿದ್ದರೆ, ಈತ ಸುಳ್ಳು ಹೇಳುತ್ತಾನೆ, ಬೀಡಿ ಬಿಟ್ಟಿಲ್ಲ ಅಂತ. ಮೂರು ಸಲ ಮಡಚಿದ್ದರೆ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಅವಸರ ಮಾಡದೆ ಕೇಳಿ, ಇವರ ಮನಸ್ಸಿನಲ್ಲಿ ಏನೋ ಇದೆ ಅಂತ. ಮೂರು ಮಡಿಕೆ ವರ್ಷಕ್ಕೆ ಹತ್ತೋ ಹನ್ನೆರಡೋ. ಒಂದೂ ತಪ್ಪಾಗಿದ್ದಿಲ್ಲ ಅಂತ ಡಾಕ್ಟರೇ ನನ್ನ ಹತ್ತಿರ ಹೇಳಿದ್ದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನನ್ನ ಹೊಟ್ಟೆ ಉರಿದಿತ್ತು.

ಯಾಕೆಂದರೆ ಮನೆಯ ಕಥೆ ಬೇರೆ. ಸಂಜೆ ಏಳೂವರೆಗೆ ಬಂದು ಚಪ್ಪಲಿ ಬಿಡುತ್ತಲೇ ಅವಳು ಹೇಳುತ್ತಿದ್ದ ಮೊದಲ ಮಾತು, "ಅಕ್ಕ, ಈಗ ಮಾತಾಡಿಸ್ಬೇಡ, ಕಿವಿ ತುಂಬಿಹೋಗಿದೆ." ಎರಡನೆಯ ಮಾತು ಮರುದಿನ ಬೆಳಿಗ್ಗೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆಯನ್ನು ನನ್ನ ತಂಗಿಯನ್ನು ನೋಡಿಯೇ ಮಾಡಿರಬೇಕು. ಒಮ್ಮೆ ಮೂರು ದಿನ ಜ್ವರದಲ್ಲಿ ನರಳಿ, ನಾಲ್ಕನೆಯ ದಿನ ಕ್ಲಿನಿಕ್ಕಿಗೆ ಹೋಗಿ ಎಲ್ಲರ ಹಾಗೆ ಕಿಂಡಿಯ ಮುಂದೆ ನಿಂತೆ. "ಜ್ವರ" ಅಂತ ಒಂದೇ ಪದ ಬರೆದು ಚೀಟಿ ಕೊಟ್ಟಳು. ನಾನು ಮೊದಲು ನೋಡಿದ್ದು ಮೂಲೆಯನ್ನು. ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿತ್ತು.

"ಒಂದು ಮಡಿಕೆಯಾದ್ರೂ ಹಾಕ್ಬಾರ್ದೇನೇ?" ಅಂದೆ.

"ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀಯ," ಅಂದಳು. ಹಜಾರವೆಲ್ಲ ನಕ್ಕಿತು. ಅಂದಿನಿಂದ ಆ ಕ್ಲಿನಿಕ್ಕಿನಲ್ಲಿ ನನ್ನ ಹೆಸರು ಗುಂಡುಕಲ್ಲು.

ಹೀಗಿರುವಾಗ ಡಾಕ್ಟರಿಗೆ ವಯಸ್ಸಾಯಿತು, ಮಗಳು ಓದು ಮುಗಿಸಿ ಬಂದು ಕುರ್ಚಿಯಲ್ಲಿ ಕೂತಳು. ಒಳ್ಳೆಯ ಹುಡುಗಿ. ಬಂದ ತಿಂಗಳೇ ಬೆಂಚಿನ ಮೇಲೆ ರೋಗಿಗಳ ಜೊತೆ ಒಂದು ವಾರ ಸುಮ್ಮನೆ ಕೂತು ನೋಡಿದಳಂತೆ. ಜನ ಒಂದೇ ಕಥೆಯನ್ನು ಕೌಂಟರಿನಲ್ಲಿ ಒಮ್ಮೆ, ನರ್ಸಿಗೆ ಒಮ್ಮೆ, ತನಗೆ ಒಮ್ಮೆ ಹೇಳಬೇಕು. ತಮ್ಮ ಸರದಿ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಎದ್ದು ಹೋದರೆ ಸರದಿ ತಪ್ಪುತ್ತದೆ ಅಂತ ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಇದನ್ನೆಲ್ಲ ಬರೆದುಕೊಂಡು ಹೋಗಿ ನಾಲ್ಕು ಟ್ಯಾಬು ತಂದಳು. ಸ್ಲೇಟಿನಷ್ಟು ಅಗಲ, ಬಿದ್ದರೂ ಒಡೆಯದಂತೆ ನೀಲಿ ರಬ್ಬರಿನ ಕವಚ, ಹಿಂದೆ ಒಂದು ಎರಡು ಮೂರು ನಾಲ್ಕು ಅಂತ ನಂಬರು. ಬಂದವರು ಒಂದು ಟ್ಯಾಬು ಹಿಡಿದು ಬೆಂಚಿನಲ್ಲಿ ಕೂತರೆ, ಅದು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಕೊನೆಗೆ 'ಕಳುಹಿಸಿ' ಅಂತ ಒತ್ತಿದರೆ ಉತ್ತರವೆಲ್ಲ ನೇರ ಡಾಕ್ಟರಮ್ಮನ ಮೇಜಿಗೆ ಹೋಗುತ್ತದೆ, ಟ್ಯಾಬಿನಲ್ಲಿ ಅಳಿಸಿಹೋಗುತ್ತದೆ. ಆಮೇಲೆ 'ನಿಮ್ಮ ಮುಂದೆ ಐದು ಜನ, ಸುಮಾರು ಅರ್ಧ ಗಂಟೆ' ಅಂತ ತೋರಿಸುತ್ತದೆ.

ಕೌಂಟರಿನ ಗಾಜು ತೆಗೆಸಿದರು. ನನ್ನ ತಂಗಿಗೆ ಉಳಿದ ಕೆಲಸ, ಬಂದವರಿಗೆ ಟ್ಯಾಬು ಕೊಡುವುದು, ವಾಪಸು ಬಂದದ್ದನ್ನು ಬಟ್ಟೆಯಿಂದ ಒರೆಸುವುದು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಂಗಿಯ ಕಷ್ಟ ನೋಡಿ ಸಂತೋಷಪಟ್ಟೆಯಾ ಅಂತ ಕೇಳಬೇಡಿ. ಪಟ್ಟೆ.

ಅವಳು ಟ್ಯಾಬಿಗೆ ಇಟ್ಟ ಹೆಸರು ಹಲಗೆ. ಸವತಿಯ ಹೆಸರು ಎತ್ತುವ ಹಾಗೆ ಮೂಗು ಮುರಿದು "ಆ ಹಲಗೆ" ಅನ್ನುತ್ತಿದ್ದಳು. ಯಾರಾದರೂ ಬಂದ ಕೂಡಲೇ "ಚಾರ್ಜಿಲ್ಲ, ಏನಾಗಿದೆ ನನಗೇ ಹೇಳಿ" ಅನ್ನುವಳು. ಜನ ನಾಲ್ಕು ದಿನ ಹೇಳಿದರು. ಐದನೆಯ ದಿನ ಅವರೇ ಚಾರ್ಜಿನ ವೈರು ಹುಡುಕಿ ಚುಚ್ಚಲು ಕಲಿತರು. ಆಮೇಲೆ ಕದ್ದುಮುಚ್ಚಿ ಚೀಟಿ ಬರೆಯಲು ಶುರುಮಾಡಿದಳು. ರೋಗಿಯ ಮುಖ ನೋಡಿ ಬರೆದು, ಮೂಲೆ ಮಡಚಿ, ಡಾಕ್ಟರಮ್ಮನ ಬಾಗಿಲ ಕೆಳಗೆ ತೂರಿಸುವಳು. ಒಂದು ವಾರ ಸಹಿಸಿಕೊಂಡ ಆ ಹುಡುಗಿ ಹೊರಗೆ ಬಂದು ಮೆಲ್ಲಗೆ ಹೇಳಿದಳು, "ಆಂಟಿ, ಈ ಚೀಟಿ ಇನ್ನು ಬೇಡ. ನನಗೆ ಎಲ್ಲಾ ಇದರಲ್ಲೇ ಸಿಗುತ್ತೆ."

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ಪೋಸ್ಟ್‌ಮ್ಯಾನ್ ಅಜ್ಜ. ಕೆಲಸದಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಹೆಸರು ಅದೇ. ಕಿವಿ ಮಂದ. ಇಪ್ಪತ್ತು ವರ್ಷ ನನ್ನ ತಂಗಿ ಅವರ ಮೂತ್ರದ ತೊಂದರೆಯನ್ನು ಇಡೀ ಬೀದಿಗೆ ಕೇಳುವ ಹಾಗೆ ವಿಚಾರಿಸಿದ್ದಳು. ಅವರು ಟ್ಯಾಬಿನ ಪ್ರಶ್ನೆಗಳಿಗೆಲ್ಲ ನಿಧಾನವಾಗಿ ಉತ್ತರ ಒತ್ತಿ, ಎದ್ದು ಬಂದು, ಅದರ ರಬ್ಬರಿನ ಬೆನ್ನು ತಟ್ಟಿದರು.

"ಚೀಟಿಯಮ್ಮ, ಇದು ಬಹಳ ಮರ್ಯಾದಸ್ಥ ಕಣಮ್ಮ. ಕೂಗೋದೇ ಇಲ್ಲ!"

ಆ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದಳು. ಒಂದು ಗಂಟೆ ನನ್ನ ಯಂತ್ರದ ಪಕ್ಕದಲ್ಲಿ ಕೂತು ಹಲಗೆಯನ್ನು ಬೈದಳು. "ಅಕ್ಕ, ಅದಕ್ಕೇನು ಕಣ್ಣಿದೆಯಾ? ಕೈ ನಡುಗೋದು ಕಾಣುತ್ತಾ ಅದಕ್ಕೆ?" ಅಂತ ಕೇಳಿದಳು. ಅವಳು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿ ಎಷ್ಟು ವರ್ಷವಾಗಿತ್ತೋ. ಮೊದಲ ಹತ್ತು ನಿಮಿಷ ನನಗೆ ಹಬ್ಬ. ಆಮೇಲೆ ಗೊತ್ತಾಯಿತು, ಮಾತೆಲ್ಲ ಆ ಹಲಗೆಯದ್ದೇ, ಅದರ ನಡುವೆ ನಾನು ಎಲ್ಲೂ ಇಲ್ಲ. ಆ ದಿನದಿಂದ ನನಗೆ ಟ್ಯಾಬಿನ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು.

ಈಗ ನನ್ನ ವಿಷಯ ಹೇಳಬೇಕು. ಹೆದರಬೇಡಿ, ಬರೆಯುತ್ತಿರುವವಳು ನಾನೇ, ಬದುಕಿದ್ದೇನೆ.

ಟ್ಯಾಬು ಬರುವುದಕ್ಕೆ ಆರು ತಿಂಗಳ ಹಿಂದೆ ನನಗೇ ಒಂದು ರವಿಕೆ ಹೊಲಿದುಕೊಳ್ಳಲು ಅಳತೆ ತೆಗೆಯುತ್ತಿದ್ದೆ. ಟೇಪನ್ನು ಎದೆಯ ಸುತ್ತ ತಂದಾಗ ಬೆರಳಿಗೆ ಎಡಗಡೆ ಏನೋ ಸಿಕ್ಕಿತು. ಕೋಟಿನ ಗುಂಡಿಯಷ್ಟು ದೊಡ್ಡದು, ಗಟ್ಟಿ. ಒತ್ತಿದರೆ ನೋವಿಲ್ಲ. ಮರುದಿನವೂ ಇತ್ತು. ತಿಂಗಳು ಕಳೆದರೂ ಇತ್ತು.

ಯಾರಿಗೂ ಹೇಳಲಿಲ್ಲ. ಕಿಂಡಿಯ ಮುಂದೆ ನಿಂತರೆ ಏನಾಗುತ್ತದೆ ಅಂತ ಗೊತ್ತಿತ್ತು. "ಗಂಟಾ? ಎಲ್ಲಿ? ಎದೆಯಲ್ಲಾ?" ನಾಲ್ಕು ಬೆಂಚು ಗೋಡೆ ನೋಡುತ್ತವೆ. ಮನೆಯಲ್ಲಿ ಹೇಳೋಣವೆಂದರೆ ಅವಳ ಕಿವಿ ತುಂಬಿಹೋಗಿರುತ್ತದೆ. ಇವೆರಡೂ ನಿಜವೇ. ಆದರೆ ಪೂರ್ತಿ ನಿಜ ಇವೆರಡೂ ಅಲ್ಲ. ನನಗೆ ಹಟ ಹಿಡಿದಿತ್ತು. ಕಂಡಕಂಡವರ ಮುಖ ನೋಡಿಯೇ ಮೂಲೆ ಮಡಚುವವಳು ನನ್ನ ಮುಖ ಯಾವತ್ತು ನೋಡುತ್ತಾಳೋ ನೋಡೋಣ, ತಾನಾಗಿ ಕೇಳುವ ತನಕ ತುಟಿ ಪಿಟಕ್ಕೆನ್ನುವುದಿಲ್ಲ ಅಂತ. ದಿನಾ ಬೆಳಿಗ್ಗೆ ಅವಳ ಎದುರು ಕೂತು ಕಾಫಿ ಕುಡಿಯುತ್ತಿದ್ದೆ. ಅವಳು ಗಡಿಯಾರ ನೋಡುತ್ತಿದ್ದಳು. ಹೊಟ್ಟೆಕಿಚ್ಚಿಗೆ ಜೀವವನ್ನೇ ಪಣ ಇಟ್ಟವಳು ನಾನು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಎಂಟು ತಿಂಗಳಾದಾಗ ಗುಂಡಿ ಕೊಂಚ ದೊಡ್ಡದಾಯಿತು. ಭಯ ಹಟವನ್ನು ಗೆದ್ದಿತು, ಪೂರ್ತಿಯಾಗಿ ಅಲ್ಲ. ಒಂದು ಮಂಗಳವಾರ ಬೆಳಿಗ್ಗೆ ಮಂಡಿ ನೋವು ಅಂತ ನೆಪ ಹೇಳಿಕೊಂಡು ಕ್ಲಿನಿಕ್ಕಿಗೆ ಹೋದೆ.

"ಓ, ಗುಂಡುಕಲ್ಲು ಬಂತು," ಅಂದಳು ತಂಗಿ. ನನ್ನ ಪರವಾಗಿ ಹಜಾರಕ್ಕೂ ಹೇಳಿದಳು, "ನಮ್ಮಕ್ಕನಿಗೆ ಮಂಡಿ, ಬೇರೇನಿಲ್ಲ." ಮೂರನೇ ನಂಬರಿನ ಟ್ಯಾಬನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದು ಕೊಟ್ಟಳು.

ಗೋಡೆಯ ಪಕ್ಕ ಕೂತೆ. 'ನಮಸ್ಕಾರ. ಇವತ್ತು ಯಾವ ತೊಂದರೆಗೆ ಬಂದಿದ್ದೀರಿ?' ಅಂತ ಕೇಳಿತು. ಒಂದು ಮೈಯ ಚಿತ್ರ ಬಂತು, ನೋವಿರುವ ಜಾಗ ಮುಟ್ಟಿ ಅಂತ. ಮಂಡಿ ಮುಟ್ಟಿದೆ. 'ಬೇರೆ ಎಲ್ಲಾದರೂ ತೊಂದರೆ ಇದೆಯೇ?' ಅಂತ ಕೇಳಿತು. ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅದಕ್ಕೆ ಅವಸರವಿರಲಿಲ್ಲ. ನನ್ನ ಹಿಂದೆ ಯಾರೂ ಸಾಲು ನಿಂತಿರಲಿಲ್ಲ. ಎದೆಯ ಎಡಭಾಗ ಮುಟ್ಟಿದೆ. ಅದು ಹೌಹಾರಲಿಲ್ಲ. 'ಎಷ್ಟು ಸಮಯದಿಂದ?' ಎಂಟು ತಿಂಗಳು. 'ಈ ಬಗ್ಗೆ ಯಾರಿಗಾದರೂ ಹೇಳಿದ್ದೀರಾ?' ಇಲ್ಲ. ಕೊನೆಗೆ ಒಂದು ಖಾಲಿ ಚೌಕ, 'ಡಾಕ್ಟರಿಗೆ ಇನ್ನೇನಾದರೂ ತಿಳಿಸಬೇಕೆ?'

ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಬರೆದೆ. 'ಕೌಂಟರಿನಲ್ಲಿರುವವಳು ನನ್ನ ತಂಗಿ. ಅವಳಿಗೆ ಊರವರ ನೋವೆಲ್ಲ ಗೊತ್ತು, ನನ್ನದು ಗೊತ್ತಿಲ್ಲ. ಅವಳಿಗೆ ಹೇಳಬೇಡಿ.'

ಬರೆದು ಮುಗಿದಾಗ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಅದೇ ಸಮಾಧಾನದಲ್ಲಿ ಎದ್ದು ಹೋಗಿ ಟ್ಯಾಬನ್ನು ಅವಳ ಮುಂದಿಟ್ಟು ಬಂದೆ. 'ಕಳುಹಿಸಿ' ಒತ್ತಲು ಮರೆತಿದ್ದೆ.

ಅವಳು ಬಟ್ಟೆ ಕೈಗೆತ್ತಿಕೊಂಡಳು. ಒರೆಸಲು ಬಗ್ಗಿದಳು. ಬಟ್ಟೆ ಗಾಜಿನ ಮೇಲೆ ಅರ್ಧಕ್ಕೇ ನಿಂತಿತು. ಆಗ ನನಗೆ ಹೊಳೆಯಿತು. ಎದ್ದು ಕಿತ್ತುಕೊಳ್ಳಬೇಕು ಅನಿಸಿತು, ಆದರೆ ಏಳಲಿಲ್ಲ. ಓದಲಿ ಅಂತಲೂ ಅನಿಸಿತು. ಈಗ ಕಿರುಚುತ್ತಾಳೆ, ನಾಲ್ಕೂ ಬೆಂಚಿಗೆ ನನ್ನ ಎದೆಯ ಸುದ್ದಿ ಬಿತ್ತರವಾಗುತ್ತದೆ ಅಂತ ಹಲ್ಲು ಕಚ್ಚಿಕೊಂಡು ಕೂತೆ.

ಅವಳು ಕೌಂಟರಿನಿಂದ ಎದ್ದು ಹೊರಗೆ ಬಂದಳು. ರೋಗಿಗಳಿರುವ ಹೊತ್ತಿನಲ್ಲಿ ಅವಳು ಆ ಜಾಗ ಬಿಟ್ಟು ಎದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಪಕ್ಕ ಬಂದು ಬಗ್ಗಿ, ಟ್ಯಾಬನ್ನು ನನ್ನ ತೊಡೆಯ ಮೇಲಿಟ್ಟಳು.

"ಅಕ್ಕ, ಕೊನೇಲಿ ಕಳುಹಿಸಿ ಅಂತಿದೆ ನೋಡು. ನೀನು ಒತ್ತಿಲ್ಲ," ಅಂದಳು.

ಅಷ್ಟು ಮೆತ್ತಗಿನ ದನಿ ಅವಳ ಗಂಟಲಲ್ಲಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಅಜ್ಜನಿಗಿರಲಿ, ಗೋಡೆಗೂ ಕೇಳಿಸಿರಲಿಕ್ಕಿಲ್ಲ. ನಾನು ಒತ್ತಿದೆ. 'ನಿಮ್ಮ ಮುಂದೆ ಆರು ಜನ' ಅಂತ ತೋರಿಸಿತು. ಎರಡೇ ನಿಮಿಷದಲ್ಲಿ ಅದು ಬದಲಾಗಿ 'ಮುಂದಿನ ಸರದಿ ನಿಮ್ಮದು' ಅಂತಾಯಿತು. ಒಳಗೆ ಡಾಕ್ಟರಮ್ಮ ಓದಿದ್ದಳು. ಒಂದು ಮಡಿಕೆಯ ಕೆಲಸವನ್ನು ಆ ಹಲಗೆಯೇ ಮಾಡಿತ್ತು. ತಂಗಿ ದೂರದಿಂದ ಅದನ್ನೂ ನೋಡುತ್ತಿದ್ದಳು. ಅವಳ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ಒಳಗೆ ಡಾಕ್ಟರಮ್ಮ ಬಾಗಿಲು ಹಾಕಿ ಪರೀಕ್ಷೆ ಮಾಡಿದಳು. ತಡ ಮಾಡುವ ಹಾಗಿಲ್ಲ ಅಂದಳು. ಶುಕ್ರವಾರಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನು, ಅದಕ್ಕೊಂದು ಪತ್ರ. ಪತ್ರ ಪ್ರಿಂಟಾಗುವುದು ಕೌಂಟರಿನಲ್ಲಿ. ತಂಗಿ ಅದನ್ನು ತೆಗೆದು ಕವರಿಗೆ ಹಾಕಿ, ಅಂಟಿಸಿ, ನನ್ನ ಮುಖ ನೋಡದೆ ಕೊಟ್ಟಳು.

ಸಂಜೆ ಬಂದಳು, ಚಪ್ಪಲಿ ಬಿಟ್ಟಳು. ಮಾತಾಡಿಸಬೇಡ ಅನ್ನಲಿಲ್ಲ. ಯಂತ್ರದ ಪಕ್ಕ ಬಂದು ಕೂತು ಚೂರು ಬಟ್ಟೆಗಳನ್ನೆಲ್ಲ ಮಡಚಿ ಮಡಚಿ ಇಟ್ಟಳು. ಹದಿನೈದು ನಿಮಿಷ ಕಾದೆ. ನನ್ನ ತಾಳ್ಮೆ ಅಷ್ಟೇ.

"ಓದಿದ್ದೀಯ ತಾನೆ? ಕೇಳು ಮತ್ತೆ. ಊರಿಗೆಲ್ಲ ಕೇಳ್ತೀಯ."

"ನನಗೆ ಹೇಳ್ಬೇಡಿ ಅಂತ ಬರೆದಿದ್ದೆಯಲ್ಲ. ಹೇಗೆ ಕೇಳಲಿ?" ಅಂದಳು. ಮತ್ತೊಂದು ಚೂರು ಮಡಚಿದಳು. "ಎಂಟು ತಿಂಗಳು, ಅಕ್ಕ. ಒಂದೇ ಮನೇಲಿ. ಹೋಗಿ ಹೋಗಿ ಆ ಹಲಗೆಗೆ ಹೇಳಿದೆ. ನನಗೆ ಹೇಳಲಿಲ್ಲ."

"ಅದು ಕೇಳ್ತು," ಅಂದೆ. "ನೀನು ಕೇಳಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಎಂಟು ತಿಂಗಳಿಂದ ಹೊಂಚುಹಾಕಿ ಕೂತಿದ್ದ ಮಾತು ಅದು. ಅತ್ತಳು ಅಂತ ಬರೆದರೆ ಅವಳಿಗೆ ಸಿಟ್ಟು ಬರುತ್ತದೆ. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಾನು ಕೇಳಿದ್ರೆ ಬೀದಿಗೆಲ್ಲ ಕೇಳುತ್ತೆ ಅಂತ ತಾನೆ?" ಅಂದಳು.

"ಅದೂ ಒಂದು," ಅಂದೆ. "ಇನ್ನೊಂದು, ನೀನಾಗೇ ಕಂಡುಹಿಡೀಲಿ ಅಂತ."

"ದೀಪದ ಬುಡದಲ್ಲಿ ಕತ್ತಲು," ಅಂದಳು. "ಹುಚ್ಚಿ, ನೀನು ಸತ್ತಿದ್ರೆ?"

"ಊರವರು ಬಂದು ನಿನಗೆ ಸಮಾಧಾನ ಹೇಳೋರು. ಆಗಲೂ ಎಲ್ಲಾ ನಿನಗೇ."

ಅವಳು ಅಳುತ್ತಲೇ ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು ಮೆಲ್ಲಗೆ, ಒಂದೊಂದಾಗಿ ಎಲ್ಲ ಕೇಳಿದಳು. ಎಲ್ಲಿ, ಎಷ್ಟು ದೊಡ್ಡದು, ಮುಟ್ಟಿದರೆ ಜರುಗುತ್ತದಾ, ಭಯವಾಗುತ್ತಿದೆಯಾ. ಕೊನೆಯ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲ.

ಶುಕ್ರವಾರ ಅವಳು ರಜೆ ಹಾಕಿದಳು. ಕ್ಲಿನಿಕ್ಕಿಗೆ ಯಾರು ಅಂದರೆ, "ಹಲಗೆಗಳು ನೋಡ್ಕೊಳ್ತವೆ ಬಿಡು, ಬಹಳ ಮರ್ಯಾದಸ್ಥರು," ಅಂದಳು. ಹೊಟ್ಟೆಕಿಚ್ಚು ಅಷ್ಟು ಬೇಗ ಆರುವುದಿಲ್ಲ.

ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ನನ್ನ ಕೈಯಿಂದ ಕವರು ಇಸಿದುಕೊಂಡು ಹರಿದು, ಪತ್ರ ಹೊರಗೆ ತೆಗೆದಳು. ಕಾಪಿ ತೆಗೆಯುವ ಯಂತ್ರದ ಮೇಲೆ ಇಡಲು ಹೋಗಿ ತಡೆದಳು.

"ಇದೇನಿದು, ಮೂಲೆ ಹೀಗೆ ಮಡಚಿದ್ದಾರೆ?"

ನೋಡಿದೆ. ಬಲಗಡೆಯ ಮೂಲೆ. ಒಂದು, ಎರಡು, ಮೂರು ಸಲ. ಉಗುರಿನಿಂದ ತೀಡಿ ತೀಡಿ ಗಟ್ಟಿ ಮಾಡಿದ ಮಡಿಕೆ. ಅದರ ಅರ್ಥ ಆ ಆಸ್ಪತ್ರೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ ಅಂತ ಮಡಚಿದವಳಿಗೂ ಗೊತ್ತಿತ್ತು. ತಿರುಗಿ ನೋಡಿದರೆ ತಂಗಿ ಗೋಡೆಯ ಮೇಲಿನ ಕೈ ತೊಳೆಯುವ ವಿಧಾನವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.

ಹುಡುಗಿ ಹೆಬ್ಬೆರಳಿನಿಂದ ಮಡಿಕೆ ಬಿಡಿಸಲು ಹೊರಟಳು.

"ಬಿಡಿಸ್ಬೇಡಮ್ಮ," ಅಂದೆ.

"ಹೀಗೇ ಇಟ್ರೆ ಕಾಪಿ ಸರಿಯಾಗಿ ಬರಲ್ಲಮ್ಮ."

ಬಿಡಿಸಿದಳು, ಕಾಪಿ ತೆಗೆದಳು, ಪತ್ರ ವಾಪಸು ಕೊಟ್ಟಳು. ಒಳಗೆ ಕರೆಯುವ ತನಕ ತಂಗಿಯ ಪಕ್ಕ ಬೆಂಚಿನ ಮೇಲೆ ಕೂತು, ಅದೇ ಗೆರೆಗಳ ಮೇಲೆ ಮೂಲೆಯನ್ನು ಮತ್ತೆ ಮೂರು ಸಲ ಮಡಚಿಟ್ಟುಕೊಂಡೆ.